ಬಸ್ಸಲ್ಲಿ ಕೂತವರೂ ‘ರನ್ನಿಂಗ್ ಲೇಟ್’ ಅನ್ನಬಹುದು

ಸುಂಟಿಕೊಪ್ಪದಿಂದ ಮಡಿಕೇರಿಗೆ ಬಸ್ಸಲ್ಲಿ ಬರುವಾಗ ಆಫೀಸಿಗೆ ‘ಐ ಆಮ್ ರನ್ನಿಂಗ್ ಲೇಟ್’ ಅಂತ ಮೆಸೇಜ್ ಹಾಕಬಹುದಾ, ನಾನು ಓಡ್ತಾ ಇಲ್ಲವಲ್ಲ ಎಂದು ಕೇಳಿದ್ದೀರಿ. ಧೈರ್ಯವಾಗಿ ಹಾಕಿ. ಇದು ಕಾಲಲ್ಲಿ ಓಡುವ ಮಾತಲ್ಲ. ರೈಲು ತಡವಾಗಿ ಓಡುತ್ತಿದೆ ಅಂತೀವಲ್ಲ (ನಮ್ಮ ಕೊಡಗಿಗೆ ರೈಲು ಇಲ್ಲ, ಇರಲಿ), ಆ ಅರ್ಥ. ಇನ್ನೂ ದಾರಿಯಲ್ಲಿದ್ದೀರಿ, ಹೇಳಿದ ಹೊತ್ತಿಗೆ ತಲುಪುವುದಿಲ್ಲ ಅನ್ನುವಾಗ ಹೀಗೆ ಹೇಳುತ್ತಾರೆ. ಹೊತ್ತು ಮೀರಿ ಒಳಗೆ ಕಾಲಿಟ್ಟ ಮೇಲೆ ‘ಸಾರಿ, ಐ ಆಮ್ ಲೇಟ್’. ನಮ್ಮ ‘ತಡ ಆಯ್ತು’ ಎರಡಕ್ಕೂ ಒಗ್ಗುತ್ತದೆ, ಗೊಂದಲ ಆಗೋದು ಅದಕ್ಕೇ. ಮಳೆಗೆ ಮರ ಬಿದ್ದು ಬಸ್ಸು ನಿಂತರೆ ‘ದಿ ಬಸ್ ಈಸ್ ಡಿಲೇಯ್ಡ್’ ಅನ್ನಿ. ಎಷ್ಟು ತಡ ಅಂತಲೂ ಸೇರಿಸಿ: ‘ರನ್ನಿಂಗ್ 20 ಮಿನಿಟ್ಸ್ ಲೇಟ್’. ಕಾಯುವವರಿಗೆ ಬೇಕಾಗಿರುವುದು ಅದೇ ಅಲ್ವಾ?