ತರಕಾರಿ ನೀರು ಬಿಡುತ್ತದೆ, ಗೋಡಂಬಿ ಸಾಸ್ ಮುದ್ದೆಯಾಗುತ್ತದೆ: ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಿದ್ದಾಳೆ. ಅವಳು ಊರಿಗೆ ಬಂದಾಗ ಹೂಕೋಸು, ಗಜ್ಜರಿ, ಬದನೆಕಾಯಿ, ದೊಣ್ಣೆಮೆಣಸಿನಕಾಯಿಗಳನ್ನು ಒಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಇಟ್ಟು ಬೇಯಿಸಿ, ಮೇಲೆ ಗೋಡಂಬಿ ಸಾಸ್ ಹಾಕಿ ಕೊಡುತ್ತೇನೆ. ತರಕಾರಿ ಕೆಂಪಗಾಗುವುದೇ ಇಲ್ಲ, ನೀರು ಬಿಟ್ಟುಕೊಂಡು ಮೆತ್ತಗಾಗುತ್ತದೆ. ಸಾಸ್ ತಟ್ಟೆಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಊಟದ ಮುಖ್ಯ ಪದಾರ್ಥವಾಗಲಿ ಎಂದು ಮಾಡಿದ್ದು ಪಲ್ಯದ ಹಾಗೆ ತಟ್ಟೆಯ ಬದಿಯಲ್ಲೇ ಉಳಿಯುತ್ತದೆ. ಗೋಡಂಬಿ ದುಬಾರಿ ಬೇರೆ. ಅದರ ಬದಲು ಶೇಂಗಾ ನಡೆಯುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಧಾರವಾಡದಲ್ಲಿದ್ದು ಈ ಅಡುಗೆಗೆ ಗೋಡಂಬಿಯನ್ನು ಹುಡುಕಬೇಕಾಗಿಯೇ ಇಲ್ಲ. ನಿಮ್ಮ ಮನೆಯ ಎಣ್ಣೆಗಾಯಿಯ ಮಸಾಲೆಯನ್ನೇ ನೆನಪಿಸಿಕೊಳ್ಳಿ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಬಳ್ಳೊಳ್ಳಿ, ಹುಣಸೆಹುಳಿ, ಬೆಲ್ಲ: ಇದರಲ್ಲಿ ಹಾಲಿನ ಹನಿಯೂ ಇಲ್ಲ, ತುಪ್ಪದ ಸುಳಿವೂ ಇಲ್ಲ. ಅದನ್ನೇ ತುಸು ತೆಳ್ಳಗೆ ಅರೆದು, ಬದನೆಯೊಳಗೆ ತುಂಬುವ ಬದಲು ಹುರಿದ ತರಕಾರಿಯ ಕೆಳಗೆ ಹರಡಿದರೆ ಮಗಳಿಗೆ ಬೇಕಾದ ಊಟ ಸಿದ್ಧವಾಗುತ್ತದೆ.

ನೀವು ಹೇಳಿದ ಎರಡು ತೊಂದರೆಗಳಲ್ಲೂ ನೋಡಬೇಕಾದದ್ದು ನೀರನ್ನು. ತರಕಾರಿಯ ನೀರು ಬೇಗ ಹೊರಹೋಗಬೇಕು, ಸಾಸ್ ನೀರನ್ನು ನಿಧಾನವಾಗಿ ಕುಡಿಯಬೇಕು.

ಮೊದಲು ತರಕಾರಿ. ಹೂಕೋಸು, ಬದನೆಗಳ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಹೋಳಿನ ಮೈ ಒದ್ದೆಯಾಗಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊಂಬಣ್ಣವೂ ಹುರಿದ ಪರಿಮಳವೂ ಚೆನ್ನಾಗಿ ಏಳಬೇಕಾದರೆ ಅದು ಸುಮಾರು 140 ಡಿಗ್ರಿ ಮುಟ್ಟಬೇಕು. ಒಂದು ಕಿಲೋ ತರಕಾರಿಯನ್ನು ಒಟಿಜಿಯ ಒಂದೇ ಟ್ರೇಯಲ್ಲಿ ಒತ್ತೊತ್ತಾಗಿ ತುಂಬಿದರೆ ಎದ್ದ ಹಬೆಗೆ ದಾರಿಯಿಲ್ಲದೆ ಹೋಳುಗಳು ಆ ಹಬೆಯಲ್ಲೇ ಬೇಯುತ್ತವೆ. ಹಾಗಾಗಿ ನಾಲ್ಕು ಜನರಿಗೆ ಒಂದು ಕಿಲೋ ಎಂದಿಟ್ಟುಕೊಂಡರೂ ಎರಡು ಸಲ ಹುರಿಯಿರಿ. ಹೋಳು ಹೋಳಿನ ನಡುವೆ ಒಂದು ಬೆರಳಿನ ಜಾಗವಿರಲಿ. ಇದೊಂದನ್ನು ಪಾಲಿಸಿದರೆ ನಿಮ್ಮ ಅರ್ಧ ತೊಂದರೆ ಮುಗಿಯುತ್ತದೆ.

ತೊಳೆದ ತರಕಾರಿಯನ್ನು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ. ಹೂಕೋಸಿನ ತೊಡರಿನಲ್ಲಿ ನೀರು ಅಡಗಿ ಕೂರುತ್ತದೆ, ಅದನ್ನು ತಲೆಕೆಳಗಾಗಿ ಇಟ್ಟು ಬಸಿಯಿರಿ. ಒಂದು ಕಿಲೋಗೆ ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ ಬೇಕು. ಬದನೆ ಎಣ್ಣೆಯನ್ನು ಹೀರುವುದರಿಂದ ಅದನ್ನು ಬೇರೆ ಪಾತ್ರೆಯಲ್ಲಿ ಕಲಸಿ. ಉಪ್ಪನ್ನು ಮೊದಲೇ ಹಾಕಿಟ್ಟರೆ ಹೋಳು ನೀರು ಬಿಡುತ್ತದೆ, ಟ್ರೇ ಒಳಗೆ ಹೋಗುವ ಕ್ಷಣದಲ್ಲಿ ಉದುರಿಸಿದರೆ ಸಾಕು. ಒಟಿಜಿಯ ಮೇಲಿನ, ಕೆಳಗಿನ ರಾಡ್‌ಗಳೆರಡನ್ನೂ ಹಾಕಿ 220 ಡಿಗ್ರಿಯಲ್ಲಿ ಕಾಲು ಗಂಟೆ ಕಾಯಿಸಿದ ಮೇಲೆಯೇ ಟ್ರೇ ಇಡಿ. ಗಜ್ಜರಿ ಸುಮಾರು 35 ನಿಮಿಷ, ಹೂಕೋಸು, ಬದನೆ 25ರಿಂದ 30 ನಿಮಿಷ, ದೊಣ್ಣೆಮೆಣಸಿನಕಾಯಿ 20 ನಿಮಿಷ ತೆಗೆದುಕೊಳ್ಳುತ್ತವೆ. ಆದ್ದರಿಂದ ಮೊದಲ ಸಲ ಗಜ್ಜರಿ, ಹೂಕೋಸು, ಎರಡನೆಯ ಸಲ ಉಳಿದವು. ಗಡಿಯಾರಕ್ಕಿಂತ ಅಂಚನ್ನು ನಂಬಿ: ಹೂಕೋಸಿನ ತುದಿ ಕಂದಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣಬೇಕು. ಕರೆಂಟು ಹೋದರೆ ಬೀಡಿನ ಕಾವಲಿ ಇದ್ದೇ ಇದೆ. ದೊಡ್ಡ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಒಂದು ಮೈ ಕೆಂಪಗಾಗುವವರೆಗೆ ಅಲ್ಲಾಡಿಸದೆ ಬಿಡಿ.

ಕೊನೆಯ ಹತ್ತು ನಿಮಿಷಕ್ಕೆ ಒಂದು ಬಟ್ಟಲು ಬೇಯಿಸಿದ ಕಾಬೂಲಿ ಕಡಲೆಯನ್ನೂ, ಸಿಪ್ಪೆಸಹಿತ ಆರು ಎಸಳು ಬಳ್ಳೊಳ್ಳಿಯನ್ನೂ ಟ್ರೇಗೆ ಸೇರಿಸಿ. ಬಳ್ಳೊಳ್ಳಿ ಸಾಸ್‌ಗೆ ಹೋಗುತ್ತದೆ.

ಈಗ ಸಾಸ್. ನೂರು ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಹುರಿಯುವ ಮೊದಲು ಕಾಳನ್ನು ಒಮ್ಮೆ ತಟ್ಟೆಯಲ್ಲಿ ಹರಡಿ ನೋಡಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಎಸೆಯಲೇಬೇಕು. ಅವುಗಳಲ್ಲಿ ಇರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎರಡು ಚಮಚ ಎಳ್ಳು, ಒಂದು ಚಮಚ ಗುರೆಳ್ಳನ್ನು ಬೇರೆ ಬೇರೆಯಾಗಿ ಹುರಿಯಿರಿ, ಗುರೆಳ್ಳು ಹೆಚ್ಚಾದರೆ ಸಾಸ್ ಕಪ್ಪಾಗಿ ಕಹಿಯಾಗುತ್ತದೆ. ನಾಲ್ಕು ಬ್ಯಾಡಗಿ ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿಡಿ.

ಎಲ್ಲವನ್ನೂ ಮೊದಲು ನೀರಿಲ್ಲದೆ ಪುಡಿ ಮಾಡಿ, ಆಮೇಲೆ ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ, ಎರಡೆರಡು ಚಮಚ ಬೆಚ್ಚಗಿನ ನೀರು ಸೇರಿಸುತ್ತಾ ಅರೆಯಿರಿ. ಮೊದಲ ನೀರಿಗೆ ಮಿಶ್ರಣ ತೆಳುವಾಗುವ ಬದಲು ಇನ್ನಷ್ಟು ಗಟ್ಟಿಯಾಗಿ ಜಾರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಕೆಟ್ಟಿತೆಂದು ಹೆದರಿ ಹಲವರು ಇಲ್ಲಿಯೇ ನಿಲ್ಲಿಸಿಬಿಡುತ್ತಾರೆ, ಇಲ್ಲವೇ ಒಮ್ಮೆಗೇ ಲೋಟ ನೀರು ಸುರಿಯುತ್ತಾರೆ. ಎರಡೂ ಬೇಡ. ಇನ್ನೂ ಸ್ವಲ್ಪ ನೀರು ಸಿಕ್ಕಿದ ಕೂಡಲೇ ಎಣ್ಣೆಯಂಶ ನೀರಿನೊಳಗೆ ಸಣ್ಣ ಹನಿಗಳಾಗಿ ಹರಡಿ, ಬಣ್ಣ ತಿಳಿಯಾಗಿ, ಸಾಸ್ ನುಣ್ಣಗೆ ಸಡಿಲವಾಗುತ್ತದೆ. ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು ನೀರು ಹಿಡಿಯಬಹುದು. ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ಹುಣಸೆರಸ, ಬೆಲ್ಲ, ಉಪ್ಪು ಸೇರಿಸಿ. ಹುಳಿಯಲ್ಲಿ ಜಿಪುಣತನ ಬೇಡ, ಶೇಂಗಾದ ಜಿಡ್ಡನ್ನು ನಾಲಿಗೆಯಿಂದ ಇಳಿಸುವುದು ಅದೇ.

ನಿಮ್ಮ ಗೋಡಂಬಿ ಸಾಸ್ ಮುದ್ದೆಯಾದದ್ದು ಕುದಿಸಿದ್ದರಿಂದ ಇರಬೇಕು. ಗೋಡಂಬಿಯಲ್ಲಿ ಪಿಷ್ಟ ಸಾಕಷ್ಟಿದೆ. ಕುದಿದಾಗ ಅದು ನೀರು ಹೀರಿ ಉಬ್ಬುತ್ತದೆ, ಆರುತ್ತಾ ಮತ್ತಷ್ಟು ಬಿಗಿಯುತ್ತದೆ. ಯಾವ ಬೀಜದ ಸಾಸ್ ಆದರೂ ಬೆಚ್ಚಗೆ ಮಾಡಿದರೆ ಸಾಕು, ಬಡಿಸುವ ಮುನ್ನ ಬಿಸಿನೀರು ಹಾಕಿ ಹದ ತಿದ್ದಿಕೊಳ್ಳಿ.

ಬಡಿಸುವಾಗ ಸಾಸ್ ಕೆಳಗೆ, ತರಕಾರಿ ಮೇಲೆ. ಮೇಲಿನಿಂದ ಸುರಿದರೆ ಅಷ್ಟು ಹೊತ್ತು ಹುರಿದ ಅಂಚು ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೆಂತ್ಯಸೊಪ್ಪು ಜೊತೆಗಿದ್ದರೆ ಇದು ಪಲ್ಯವಾಗಿ ಬದಿಗೆ ಸರಿಯುವುದಿಲ್ಲ, ಪೂರ್ತಿ ಊಟವಾಗುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಅದನ್ನು ನಾಲ್ವರಿಗೆ ಹಂಚಿದರೂ ಕಡಲೆ, ಎರಡು ರೊಟ್ಟಿ ಸೇರಿ ಒಬ್ಬರ ತಟ್ಟೆಗೆ ಸುಮಾರು 20 ಗ್ರಾಂ ಸಿಗುತ್ತದೆ. ಆದರೆ ವಿಟಮಿನ್ ಬಿ12 ಇದರಿಂದ ಸಿಗದು. ಮಗಳು ಅದಕ್ಕಾಗಿ ವೈದ್ಯರನ್ನು ಕಾಣುವುದು ತೀರಾ ಅಗತ್ಯ.

ಅವಳಿಗೆ ಬೇರೆ ರುಚಿ ಬೇಕೆನಿಸಿದ ದಿನ ಸ್ಪೇನ್‌ನ ಕ್ಯಾಟಲೋನಿಯಾದ ರೊಮೆಸ್ಕೊ ಎಂಬ ಸಾಸ್ ಮಾಡಿ. ಬಾದಾಮಿ, ಸುಟ್ಟ ಟೊಮೆಟೊ, ಸುಟ್ಟ ಬೆಳ್ಳುಳ್ಳಿ, ಕರಿದ ಬ್ರೆಡ್ಡಿನ ತುಂಡು, ವಿನೆಗರ್, ಆಲಿವ್ ಎಣ್ಣೆ ಇಷ್ಟು ಅದಕ್ಕೆ ಬೇಕು. ಅಲ್ಲಿ ಬಳಸುವ ಖಾರವಿಲ್ಲದ ಒಣ ಮೆಣಸಿನಕಾಯಿಯ ಜಾಗಕ್ಕೆ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಬಹಳ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ಮನೆಗೆ ಬರುವ ನೆಂಟರೊಬ್ಬರಿಗೆ ನೆಲಗಡಲೆಯ ಅಲರ್ಜಿ ಇದೆ. ಸಾಸ್‌ಗೆ ಗೋಡಂಬಿ ಹಾಕಬಹುದೇ?
– ಓದುಗರು, ಮಂಗಳೂರು

ಉತ್ತರ: ಅವರನ್ನು ಕೇಳದೆ ಹಾಕಬೇಡಿ. ನೆಲಗಡಲೆ ಬೇಳೆಕಾಳಿನ ಜಾತಿಯದು, ಗೋಡಂಬಿ ಮರದ ಬೀಜ. ಆದರೂ ಕೆಲವರಿಗೆ ಎರಡೂ ಆಗುವುದಿಲ್ಲ. ಎಳ್ಳು ಕೂಡ ಅಲರ್ಜಿ ತರಬಲ್ಲದು. ತೆಂಗಿನಕಾಯಿಯೊಂದಿಗೆ ಹುರಿದ ಸಿಹಿಗುಂಬಳದ ಬೀಜ ಅರೆದು ಮಾಡಿದರೆ ರುಚಿಗೇನೂ ಕೊರತೆಯಿಲ್ಲ, ಆದರೆ ಅದನ್ನೂ ಅವರ ಒಪ್ಪಿಗೆ ಪಡೆದೇ ಮಾಡಿ. ಗಾಣದ ನೆಲಗಡಲೆ ಎಣ್ಣೆಯಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ, ಆದ್ದರಿಂದ ಹುರಿಯಲು ತೆಂಗಿನೆಣ್ಣೆ ಬಳಸಿ. ಮಿಕ್ಸಿಯ ಜಾರು, ಅದರ ಬ್ಲೇಡು, ಮುಚ್ಚಳದ ರಬ್ಬರ್ ಎಲ್ಲವನ್ನೂ ಬಿಚ್ಚಿ ಸೋಪು ಹಾಕಿ ತೊಳೆದ ಮೇಲೆಯೇ ಅರೆಯಲು ತೊಡಗಿ.