ಕ್ಯೂಟಿಯಲ್ಲಿ ಸಿಗ್ನಲ್ ಯಾವಾಗ, ಇವೆಂಟ್ ಯಾವಾಗ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ವಿಂಡೋ ಇರುವ ಪ್ರೋಗ್ರಾಂಗಳನ್ನು ಸಿ++ನಲ್ಲಿ ಕಟ್ಟಲು ನೆರವಾಗುವ ಕ್ಯೂಟಿ (Qt) ಎಂಬ ಲೈಬ್ರರಿಯನ್ನು ನೀವು ಬಳಸುತ್ತಿದ್ದೀರಿ. ಸೆನ್ಸರ್‌ನಿಂದ ಬರುವ ಅಳತೆಗಳನ್ನು ಒಂದು ವರ್ಕರ್ ಥ್ರೆಡ್ (ಹಿನ್ನೆಲೆಯಲ್ಲಿ ಜೊತೆಜೊತೆಗೇ ಓಡುವ ಕೆಲಸದ ಎಳೆ) ಓದುತ್ತದೆ, ಮುಖ್ಯ ವಿಂಡೋ ಅವುಗಳನ್ನು ಗ್ರಾಫ್‌ನಲ್ಲಿ ತೋರಿಸುತ್ತದೆ. ಹೊಸ ಅಳತೆ ಬಂದಾಗಲೆಲ್ಲ ನೀವೇ ಬರೆದ ಒಂದು ಇವೆಂಟ್ ಕ್ಲಾಸ್ ಅನ್ನು ಪೋಸ್ಟ್‌ಇವೆಂಟ್ ಎಂಬ ಫಂಕ್ಷನ್ ಮೂಲಕ ವಿಂಡೋಗೆ ಕಳಿಸುತ್ತಿದ್ದೀರಿ. ಇದಕ್ಕೆ ಸಿಗ್ನಲ್ ಸಾಕು ಎಂದು ನಿಮ್ಮ ಸಹೋದ್ಯೋಗಿ ಹೇಳುತ್ತಾರೆ. ಸಿಗ್ನಲ್ ನಿಧಾನ, ಮೇಲಾಗಿ ಕ್ಯೂನಲ್ಲಿ (ಸರತಿ ಸಾಲಿನಲ್ಲಿ) ನಿಂತು ಕೆಲಸ ಮಾಡುವುದು ಇವೆಂಟ್ ಮಾತ್ರ ಎಂಬುದು ನಿಮ್ಮ ವಾದ. ಜೊತೆಗೆ, ರೆಕಾರ್ಡಿಂಗ್ ನಡೆಯುತ್ತಿರುವಾಗ ವಿಂಡೋ ಮುಚ್ಚದಂತೆ ತಡೆಯುವುದು ಹೇಗೆ ಎಂದೂ ಕೇಳಿದ್ದೀರಿ. ಮೊದಲನೆಯ ವಿಷಯದಲ್ಲಿ ನಾನು ನಿಮ್ಮ ಸಹೋದ್ಯೋಗಿಯ ಪಕ್ಷ. ಎರಡನೆಯದಕ್ಕೆ ಇವೆಂಟೇ ಬೇಕು.

ಎರಡರ ನಡುವೆ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಸುದ್ದಿ ತಲುಪಿದವರಿಗೆ 'ಬೇಡ' ಎನ್ನುವ ಅಧಿಕಾರ ಇರಬೇಕೆ? ಸಿಗ್ನಲ್ ಎಂದರೆ ಡಂಗುರ ಸಾರಿದ ಹಾಗೆ. ಆಗಬೇಕಾದ್ದು ಆಗಿಹೋಗಿದೆ, ಕೇಳಿಸಿಕೊಳ್ಳುವವರು ಎಷ್ಟು ಜನ ಇದ್ದಾರೆಂಬುದು ಸಾರಿದವನಿಗೆ ಗೊತ್ತಿಲ್ಲ, ಯಾರೂ ಇಲ್ಲದಿದ್ದರೂ ಅವನಿಗೆ ನಷ್ಟವಿಲ್ಲ. ಇವೆಂಟ್ ಹಾಗಲ್ಲ. ಅದು ನಿರ್ದಿಷ್ಟವಾಗಿ ಒಂದು ಆಬ್ಜೆಕ್ಟ್‌ನ ಹೆಸರಿಗೇ ಹೋಗುತ್ತದೆ, ಮತ್ತು ಅದು ತಲುಪುವ ಹೊತ್ತಿಗೆ ವಿಷಯ ಇನ್ನೂ ಇತ್ಯರ್ಥವಾಗಿರುವುದಿಲ್ಲ. ಪಡೆದವರು ಒಪ್ಪಿಕೊಳ್ಳಬಹುದು, ಇಗ್ನೋರ್ ಮಾಡಿ ನಿರಾಕರಿಸಬಹುದು. ದಾರಿಯಲ್ಲಿ ಕುಳಿತ ಇವೆಂಟ್ ಫಿಲ್ಟರ್ ಅದನ್ನು ತಲುಪುವ ಮೊದಲೇ ನುಂಗಿಬಿಡಬಹುದು.

ಒಂದು ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೌಸ್‌ನ ಗುಂಡಿ ಕೆಳಗೆ ಹೋದದ್ದು ಬಟನ್‌ಗೆ ಇವೆಂಟ್ ಆಗಿ ಬರುತ್ತದೆ. ಬಟನ್ ತಾನು ಒತ್ತಿದಂತೆ ಕಾಣುವ ಹಾಗೆ ತನ್ನನ್ನು ಮತ್ತೆ ಚಿತ್ರಿಸಿಕೊಳ್ಳುತ್ತದೆ. ಬೆರಳು ಎತ್ತಿದ್ದು ಇನ್ನೊಂದು ಇವೆಂಟ್. ಆಗ ಪಾಯಿಂಟರ್ ಬಟನ್‌ನ ಮೇಲೆಯೇ ಇದ್ದರೆ ಮಾತ್ರ 'ಕ್ಲಿಕ್ಡ್' ಸಿಗ್ನಲ್ ಹೊರಡುತ್ತದೆ. ಒತ್ತಿ ಹಿಡಿದು ಪಕ್ಕಕ್ಕೆ ಎಳೆದು ಬಿಟ್ಟರೆ ಆ ಸಿಗ್ನಲ್ ಹೊರಡುವುದಿಲ್ಲ. ಕಚ್ಚಾ ಸಂಗತಿಗಳನ್ನು ಪರಿಶೀಲಿಸಿ, ಇದು ಕ್ಲಿಕ್ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ಬಟನ್‌ನ ಆಂತರಿಕ ವ್ಯವಹಾರ. ಆ ನಿರ್ಧಾರದ ಫಲಿತಾಂಶ ಮಾತ್ರ ಹೊರಜಗತ್ತಿಗೆ ಸಿಗ್ನಲ್ ಆಗಿ ಸಿಗುತ್ತದೆ. ಬಟನ್‌ನಂಥ ತೆರೆಯ ಮೇಲಿನ ಘಟಕವನ್ನು, ಅಂದರೆ ವಿಜೆಟ್ ಅನ್ನು, ಕಟ್ಟುವವರಿಗೆ ಇವೆಂಟ್, ಬಳಸುವವರಿಗೆ ಸಿಗ್ನಲ್ ಎಂದು ಅನುಭವಸ್ಥರು ಹೇಳುವುದು ಇದನ್ನೇ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಸಿಗ್ನಲ್ ತಕ್ಷಣ ನಡೆಯುತ್ತದೆ, ಇವೆಂಟ್ ಕ್ಯೂನಲ್ಲಿ ಕಾಯುತ್ತದೆ ಎಂಬ ತಿಳಿವಳಿಕೆ ಬಹಳ ಕಡೆ ಕಾಣುತ್ತದೆ, ಮತ್ತು ಅದು ಎರಡೂ ಬದಿಯಿಂದ ತಪ್ಪು. ಸೆಂಡ್‌ಇವೆಂಟ್ ಎಂಬ ಫಂಕ್ಷನ್ ಕ್ಯೂ ಅನ್ನು ಮುಟ್ಟುವುದೇ ಇಲ್ಲ. ನೇರವಾಗಿ ಹ್ಯಾಂಡ್ಲರ್ ಅನ್ನು (ಇವೆಂಟ್ ಅನ್ನು ನಿಭಾಯಿಸುವ ಫಂಕ್ಷನ್) ಕರೆದು, ಅದು ಮುಗಿದ ಮೇಲಷ್ಟೇ ಹಿಂದಿರುಗುತ್ತದೆ. ಕ್ಯೂಗೆ ಹಾಕುವುದು ಪೋಸ್ಟ್‌ಇವೆಂಟ್. ಸಿಗ್ನಲ್ ಅನ್ನು ಅದಕ್ಕೆ ಓಗೊಡುವ ಫಂಕ್ಷನ್‌ಗೆ (ಸ್ಲಾಟ್) ಜೋಡಿಸುವುದನ್ನೇ ಕನೆಕ್ಟ್ ಮಾಡುವುದು ಎನ್ನುತ್ತಾರೆ. ಈ ಜೋಡಣೆಯಲ್ಲೂ ಹೀಗೆಯೇ ಎರಡು ಬಗೆ. ಡೈರೆಕ್ಟ್ ಕನೆಕ್ಷನ್ ಸಾಮಾನ್ಯ ಫಂಕ್ಷನ್ ಕರೆಯಂತೆ ಅಲ್ಲಿಯೇ ನಡೆಯುತ್ತದೆ. ಕ್ಯೂಡ್ ಕನೆಕ್ಷನ್ ಆದರೆ ಕ್ಯೂಟಿ ತಾನೇ ಒಂದು ಇವೆಂಟ್ ತಯಾರಿಸಿ, ಆರ್ಗ್ಯುಮೆಂಟ್‌ಗಳ (ಸಿಗ್ನಲ್ ಹೊತ್ತೊಯ್ಯುವ ಮೌಲ್ಯಗಳ) ಪ್ರತಿಯನ್ನು ಅದರೊಳಗಿಟ್ಟು, ಸ್ವೀಕರಿಸುವ ಆಬ್ಜೆಕ್ಟ್‌ನ ಥ್ರೆಡ್‌ಗೆ ಪೋಸ್ಟ್ ಮಾಡುತ್ತದೆ. ಅಂದರೆ ನೀವು ಕೈಯಾರೆ ಬರೆದಿರುವ ಕೋಡ್ ಅನ್ನೇ ಕ್ಯೂಟಿ ನಿಮಗಾಗಿ ಬರೆದು ಇಟ್ಟಿದೆ. ಕನೆಕ್ಟ್ ಮಾಡುವಾಗ ಬಗೆಯನ್ನು ಹೇಳದೆ ಬಿಟ್ಟರೆ, ಸಿಗ್ನಲ್ ಹೊರಡುವ ಕ್ಷಣದಲ್ಲಿ ಯಾವ ಥ್ರೆಡ್ ಓಡುತ್ತಿದೆ, ಸ್ವೀಕರಿಸುವ ಆಬ್ಜೆಕ್ಟ್ ಯಾವ ಥ್ರೆಡ್‌ಗೆ ಸೇರಿದೆ ಎಂಬುದನ್ನು ನೋಡಿ ಅದೇ ತೀರ್ಮಾನಿಸುತ್ತದೆ. ಎರಡೂ ಬೇರೆಯಾಗಿದ್ದರೆ ಕ್ಯೂಡ್.

ಕಂಪೈಲ್ ಸಮಯದಲ್ಲಿ ಸಿಗುವ ರಕ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯೂಟಿ 5ರಿಂದ ಬಂದ ಫಂಕ್ಷನ್ ಪಾಯಿಂಟರ್ ಶೈಲಿಯ ಕನೆಕ್ಟ್‌ನಲ್ಲಿ ಆರ್ಗ್ಯುಮೆಂಟ್‌ಗಳು ಹೊಂದದಿದ್ದರೆ ಕಂಪೈಲರ್ ಅಲ್ಲಿಯೇ ತಕರಾರು ತೆಗೆಯುತ್ತದೆ. ನಿಮ್ಮ ಇವೆಂಟ್ ಕ್ಲಾಸ್‌ನಲ್ಲಾದರೋ ಮೊದಲು ಟೈಪ್ ಸಂಖ್ಯೆ ನೋಂದಾಯಿಸಬೇಕು, ಸ್ವೀಕರಿಸುವ ಕಡೆ ಆ ಸಂಖ್ಯೆಯನ್ನು ಹೋಲಿಸಿ ಕಾಸ್ಟ್ ಮಾಡಬೇಕು, ಅಂದರೆ ನಿಮ್ಮ ಕ್ಲಾಸ್‌ಗೆ ಪರಿವರ್ತಿಸಿಕೊಳ್ಳಬೇಕು. 1000ದಿಂದ 65535ರವರೆಗಿನ ಸಂಖ್ಯೆಗಳು ನಮಗೆ ಬಿಟ್ಟವು. ಎರಡು ಲೈಬ್ರರಿಗಳು ಒಂದೇ ಸಂಖ್ಯೆಯನ್ನು ಕೈಯಿಂದ ಬರೆದುಕೊಂಡರೆ ಆಗುವ ಗೊಂದಲವನ್ನು ಕಂಪೈಲರ್ ಕಂಡುಹಿಡಿಯಲಾರದು. ಸಂಖ್ಯೆಯನ್ನು ನೋಂದಾಯಿಸಿ ಕೊಡುವ ರಿಜಿಸ್ಟರ್‌ಇವೆಂಟ್‌ಟೈಪ್ ಫಂಕ್ಷನ್ ಬಳಸಿಲ್ಲವಾದರೆ ಇಂದೇ ಬಳಸಿ.

ವೇಗದ ಬಗ್ಗೆ: ಸಿಗ್ನಲ್ ಒಂದನ್ನು ಹೊರಡಿಸುವುದು ನೇರ ಫಂಕ್ಷನ್ ಕರೆಗಿಂತ ಸುಮಾರು 10 ಪಟ್ಟು ನಿಧಾನ ಎಂದು ಕ್ಯೂಟಿಯ ದಾಖಲೆಯೇ ಹೇಳುತ್ತದೆ. ಅದೇ ದಾಖಲೆಯ ಮುಂದಿನ ಮಾತನ್ನು ಯಾರೂ ಉದ್ಧರಿಸುವುದಿಲ್ಲ: ಮೆಮೊರಿ ಪಡೆಯುವ ಒಂದು 'ನ್ಯೂ' ಅಥವಾ ಅದನ್ನು ಬಿಟ್ಟುಕೊಡುವ 'ಡಿಲೀಟ್'ಗೆ ತಗಲುವ ವೆಚ್ಚಕ್ಕಿಂತ ಇದು ಬಹಳ ಕಡಿಮೆ. ಪೋಸ್ಟ್‌ಇವೆಂಟ್‌ಗೆ ಕೊಡುವ ಪ್ರತಿ ಇವೆಂಟ್ ಅನ್ನು ನೀವು 'ನ್ಯೂ' ಹಾಕಿಯೇ ಸೃಷ್ಟಿಸಬೇಕು ಎಂಬುದನ್ನು ನೆನಪಿಸಿಕೊಂಡರೆ ನಿಮ್ಮ ಮೊದಲ ವಾದ ಅಲ್ಲಿಗೆ ಮುಗಿಯುತ್ತದೆ.

ನಿಮಗೆ ತೊಂದರೆ ಬರುವುದಾದರೆ ಬೇರೆ ಕಡೆಯಿಂದ. ವಿಜೆಟ್ ಅನ್ನು ಮತ್ತೆ ಚಿತ್ರಿಸಲು ಕೋರುವ ಅಪ್‌ಡೇಟ್ ಫಂಕ್ಷನ್ ಅನ್ನು ಬೆನ್ನು ಬೆನ್ನಿಗೆ ಹತ್ತಾರು ಬಾರಿ ಕರೆದರೂ ಕ್ಯೂಟಿ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಪೇಂಟ್ ಇವೆಂಟ್ ಮಾಡುತ್ತದೆ. ಈ ಔದಾರ್ಯ ಕ್ಯೂಡ್ ಸಿಗ್ನಲ್‌ಗೂ ಇಲ್ಲ, ನೀವು ಬರೆದ ಇವೆಂಟ್‌ಗೂ ಇಲ್ಲ. ಸೆನ್ಸರ್ ಸೆಕೆಂಡಿಗೆ ಸಾವಿರಾರು ಅಳತೆ ಕೊಟ್ಟರೆ ಮುಖ್ಯ ಥ್ರೆಡ್‌ನ ಕ್ಯೂ ಬೆಳೆಯುತ್ತಲೇ ಹೋಗುತ್ತದೆ, ಮೌಸ್ ಅಲುಗಿಸಿದರೂ ವಿಂಡೋ ಸ್ಪಂದಿಸುವುದಿಲ್ಲ. ಆದ್ದರಿಂದ ಅಳತೆಗಳನ್ನು ಒಂದೊಂದಾಗಿ ಕಳಿಸಬೇಡಿ. ವರ್ಕರ್‌ನಲ್ಲೇ ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ, 30 ಅಥವಾ 40 ಮಿಲಿಸೆಕೆಂಡಿಗೊಮ್ಮೆ ಇಡೀ ಪಟ್ಟಿಯನ್ನು ಒಂದು ಸಿಗ್ನಲ್‌ನಲ್ಲಿ ಕಳಿಸಿ. ಕ್ಯೂಟಿಯ ಪಟ್ಟಿಗಳು ಒಳಗಿನ ದತ್ತಾಂಶವನ್ನು ಹಂಚಿಕೊಳ್ಳುವುದರಿಂದ ಪ್ರತಿ ಮಾಡುವ ವೆಚ್ಚ ಹೆಚ್ಚುಕಡಿಮೆ ಶೂನ್ಯ. ಕಣ್ಣಿಗೆ ಗ್ರಾಫ್ ನಯವಾಗಿಯೇ ಓಡುತ್ತದೆ.

ಸಿಗ್ನಲ್‌ಗೆ ಬಂದರೆ ಇನ್ನೊಂದು ಅನುಕೂಲ: ನಾಳೆ ಅದೇ ಅಳತೆಗಳನ್ನು ಫೈಲ್‌ಗೂ ಬರೆಯಬೇಕೆಂದರೆ ಇನ್ನೊಂದು ಕನೆಕ್ಟ್ ಸಾಲು ಸಾಕು, ವರ್ಕರ್‌ನ ಕೋಡ್ ಮುಟ್ಟಬೇಕಾಗಿಲ್ಲ. ಇವೆಂಟ್ ಆದರೆ ವರ್ಕರ್‌ಗೆ ಪ್ರತಿ ಹೊಸ ಸ್ವೀಕೃತಿದಾರನ ವಿಳಾಸ ಗೊತ್ತಿರಬೇಕು. ಕನೆಕ್ಟ್‌ಗೆ ಲ್ಯಾಂಬ್ಡಾ (ಅಲ್ಲಿಯೇ ಬರೆದ ಹೆಸರಿಲ್ಲದ ಫಂಕ್ಷನ್) ಕೊಡುವಿರಾದರೆ ಮೂರನೆಯ ಆರ್ಗ್ಯುಮೆಂಟ್ ಆಗಿ ಸ್ವೀಕರಿಸುವ ಆಬ್ಜೆಕ್ಟ್ ಅನ್ನು ಕೊಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಲ್ಯಾಂಬ್ಡಾ ವರ್ಕರ್ ಥ್ರೆಡ್‌ನಲ್ಲೇ ಓಡುತ್ತದೆ, ಅಲ್ಲಿಂದ ವಿಜೆಟ್ ಮುಟ್ಟಿದರೆ ಯಾವಾಗ ಕುಸಿಯುತ್ತದೆಂದು ಹೇಳಲಾಗದು.

ಹಾಗಾದರೆ ಸ್ವಂತ ಇವೆಂಟ್ ಕ್ಲಾಸ್ ಯಾರಿಗೆ ಬೇಕು? ನಡುದಾರಿಯಲ್ಲಿ ಫಿಲ್ಟರ್ ಕೂರಿಸಿ ತಡೆಯಬೇಕಾದವರಿಗೆ, ಅಥವಾ ಕ್ಯೂನಲ್ಲಿ ಆದ್ಯತೆ ಕೊಡಬೇಕಾದವರಿಗೆ. ಮೌಸ್ ಮತ್ತು ಕೀಲಿಮಣೆಯ ಇವೆಂಟ್‌ಗಳನ್ನು ಇಗ್ನೋರ್ ಮಾಡಿದರೆ ಅವು ಪೇರೆಂಟ್ ವಿಜೆಟ್‌ಗೆ (ಅದನ್ನು ಒಳಗಿಟ್ಟುಕೊಂಡ ವಿಜೆಟ್) ಏರುತ್ತವೆ ಎಂಬುದನ್ನು ನೋಡಿ, ತಮ್ಮ ಇವೆಂಟ್ ಕೂಡ ಏರುತ್ತದೆಂದು ಹಲವರು ನಂಬಿಕೊಂಡಿರುತ್ತಾರೆ. ಏರುವುದಿಲ್ಲ. ಏರಿಸುವ ಕೆಲಸ ನಿಮ್ಮದೇ.

ಇನ್ನು ವಿಂಡೋ ಮುಚ್ಚುವ ಪ್ರಶ್ನೆ. ಇಲ್ಲಿ 'ಬೇಡ' ಎನ್ನುವ ಅಧಿಕಾರ ನಿಮಗೆ ಬೇಕೇ ಬೇಕು, ಆದ್ದರಿಂದ ವಿಂಡೋ ಮುಚ್ಚಲು ಹೊರಟಾಗ ಓಡುವ ಕ್ಲೋಸ್‌ಇವೆಂಟ್ ಫಂಕ್ಷನ್ ಅನ್ನು ಓವರ್‌ರೈಡ್ ಮಾಡಿ, ಅಂದರೆ ನಿಮ್ಮದೇ ರೀತಿಯಲ್ಲಿ ಮತ್ತೆ ಬರೆಯಿರಿ. ಮುಚ್ಚುವ ಮುನ್ನ ಒಂದು ಸಿಗ್ನಲ್ ಹೊರಡಿಸಿ, ಸ್ಲಾಟ್‌ನಿಂದ ಹೌದು-ಅಲ್ಲ ಎಂಬ ಉತ್ತರ ಪಡೆಯುವ ಪ್ರಯತ್ನವನ್ನು ಕೆಲವರು ಮಾಡುತ್ತಾರೆ. ಎರಡನೆಯ ಸ್ಲಾಟ್ ಸೇರಿಕೊಂಡ ದಿನ ಯಾರ ಉತ್ತರ ನಿಲ್ಲಬೇಕೆಂಬ ಜಗಳ ಶುರುವಾಗುತ್ತದೆ, ಕನೆಕ್ಷನ್ ಕ್ಯೂಡ್ ಆದರಂತೂ ಉತ್ತರವೇ ಬರುವುದಿಲ್ಲ. ಕ್ಯೂಟಿಯದೇ ಇಂಟರ್‌ಫೇಸ್ ಭಾಷೆಯಾದ ಕ್ಯೂಎಂಎಲ್‌ನ ವಿಂಡೋದಲ್ಲಿ 'ಕ್ಲೋಸಿಂಗ್' ಎಂಬ ಸಿಗ್ನಲ್‌ಗೆ ನಿರಾಕರಿಸುವ ಸೌಲಭ್ಯವಿದೆ, ನಿಜ; ಅದು ತನ್ನೊಂದಿಗೆ ಇವೆಂಟ್‌ನಂಥದೇ ಆಬ್ಜೆಕ್ಟ್ ಒಂದನ್ನು ಹೊತ್ತು ತರುವುದರಿಂದ ಸಾಧ್ಯವಾಗಿದೆ.

ನಿಮ್ಮ ಕ್ಲೋಸ್‌ಇವೆಂಟ್ ಒಳಗೆ ಮೊದಲು ಥ್ರೆಡ್ ಓಡುತ್ತಿದೆಯೇ ಎಂದು ನೋಡಿ. ಇಲ್ಲವಾದರೆ ಅಕ್ಸೆಪ್ಟ್. ಓಡುತ್ತಿದ್ದರೆ ಬಳಕೆದಾರರನ್ನು ಕೇಳಿ. ಅವರು 'ಮುಚ್ಚು' ಎಂದರೂ ಸದ್ಯಕ್ಕೆ ಇಗ್ನೋರ್ ಮಾಡಿ. ಥ್ರೆಡ್ ಮುಗಿಯುವವರೆಗೆ ಕಾಯುವ 'ವೇಯ್ಟ್' ಅನ್ನು ಅಲ್ಲಿಯೇ ಕರೆದು ಕುಳಿತರೆ, ವರ್ಕರ್ ಸೆನ್ಸರ್‌ಗಾಗಿ ಕಾಯುತ್ತಿರುವಷ್ಟು ಹೊತ್ತೂ ವಿಂಡೋ ಮರಗಟ್ಟುತ್ತದೆ. ಅದರ ಬದಲು, ನಿಲ್ಲುವಂತೆ ಥ್ರೆಡ್ ಅನ್ನು ಕೋರುವ ರಿಕ್ವೆಸ್ಟ್‌ಇಂಟರಪ್ಶನ್ ಮತ್ತು ಕ್ವಿಟ್ ಎರಡನ್ನೂ ಕರೆಯಿರಿ. ವರ್ಕರ್ ತನ್ನ ಓದುವ ಲೂಪ್‌ನಲ್ಲಿ ಆ ಕೋರಿಕೆ ಬಂದಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಥ್ರೆಡ್‌ನ 'ಫಿನಿಶ್ಡ್' ಸಿಗ್ನಲ್ ಅನ್ನು ಮೊದಲೇ ವಿಂಡೋದ 'ಕ್ಲೋಸ್' ಸ್ಲಾಟ್‌ಗೆ ಕನೆಕ್ಟ್ ಮಾಡಿಟ್ಟರೆ, ಕೊನೆಯ ಪಟ್ಟಿ ಬಂದು ಸೇರಿದ ಮೇಲೆ ಕ್ಲೋಸ್‌ಇವೆಂಟ್ ಮತ್ತೊಮ್ಮೆ ಬರುತ್ತದೆ, ಈ ಸಲ ನೇರವಾಗಿ ಅಕ್ಸೆಪ್ಟ್ ಆಗುತ್ತದೆ. ಬಳಕೆದಾರರು ಮುಚ್ಚಲು ಹೇಳದೆಯೂ ರೆಕಾರ್ಡಿಂಗ್ ತಾನಾಗಿ ಮುಗಿಯುವುದುಂಟು ಎಂದಾದರೆ ಈ ಕನೆಕ್ಟ್ ಅನ್ನು 'ಮುಚ್ಚು' ಎಂದ ಮೇಲಷ್ಟೇ ಮಾಡಿ. ಇಲ್ಲದಿದ್ದರೆ ರೆಕಾರ್ಡಿಂಗ್ ನಿಂತ ಕೂಡಲೇ ವಿಂಡೋ ಕೂಡ ಮಾಯವಾಗುತ್ತದೆ.