ಪುರಸಭೆ ಚುನಾವಣೆಯಲ್ಲೂ ಮತಯಂತ್ರಕ್ಕೆ ಕಾಗದದ ಚೀಟಿ ಕಡ್ಡಾಯವಾದರೆ ನಮ್ಮ ಊರಿಗೆ ಎಷ್ಟು ಖರ್ಚು ಬೀಳುತ್ತದೆ?

ಯಂತ್ರದ ಬೆಲೆಯನ್ನು ಮತಗಟ್ಟೆಗಳ ಸಂಖ್ಯೆಯಿಂದ ಗುಣಿಸಿದರೆ ಸಾಕೇ ಎಂದು ತಾವು ಕೇಳಿದ್ದೀರಿ. ಸಾಲದು. 2017ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟವು 16,15,000 ವಿವಿಪ್ಯಾಟ್‌ಗಳಿಗೆ (ಹಾಕಿದ ಮತವನ್ನು ಕಾಗದದ ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) 3,173.47 ಕೋಟಿ ರೂಪಾಯಿ ಮಂಜೂರು ಮಾಡಿತ್ತು; ಭಾಗಿಸಿ ನೋಡಿದರೆ ಒಂದಕ್ಕೆ ಇಪ್ಪತ್ತು ಸಾವಿರಕ್ಕೆ ತುಸು ಕಡಿಮೆಯೇ ಆಗುತ್ತದೆ, ತೆರಿಗೆ ಮತ್ತು ಸಾಗಣೆ ಬೇರೆ. ನಾನು ತೆತ್ತ ಬೆಲೆ ಮಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

2019ರ ಏಪ್ರಿಲ್ 23ರಂದು ಕಲಬುರಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿದ್ದೆ. ಪ್ರೌಢಶಾಲಾ ಶಿಕ್ಷಕನಾದ ನನಗೆ ಅದು ನಾಲ್ಕನೆಯ ಚುನಾವಣಾ ಕರ್ತವ್ಯವಾಗಿತ್ತು. ಹಿಂದಿನ ಮೂರರಲ್ಲಿ ಅಧಿಕಾರಿಯ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್ ಮತ್ತು ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ ಬಿಟ್ಟರೆ ವಿವಿಪ್ಯಾಟ್ ಎಂಬ ಮೂರನೆಯ ಪೆಟ್ಟಿಗೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಅಣಕು ಮತದಾನ, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡುವ ಪರೀಕ್ಷೆ, ಆರಂಭವಾಗಬೇಕಿತ್ತು. ಅಭ್ಯರ್ಥಿಗಳ ಏಜೆಂಟರಲ್ಲೊಬ್ಬರು ಬಂದದ್ದು ಆರೂಕಾಲಿಗೆ. ಕನಿಷ್ಠ ಐವತ್ತು ಮತ ಹಾಕಿಸಬೇಕು, ಪ್ರತಿಯೊಂದು ಚೀಟಿಯೂ ಕಿಟಕಿಯಲ್ಲಿ ಏಳು ಸೆಕೆಂಡು ನಿಂತು ಒಳಗೆ ಬೀಳಬೇಕು. ಮುಗಿಯುವಷ್ಟರಲ್ಲಿ ಹೊರಗೆ ಸಾಲು ಗೇಟಿನವರೆಗೆ ಬೆಳೆದಿತ್ತು.

ನನ್ನ ತಪ್ಪು ನಡೆದದ್ದು ಅಲ್ಲಿಯೇ. ಕ್ಲೋಸ್ ಒತ್ತಿದೆ, ರಿಸಲ್ಟ್ ತೋರಿಸಿದೆ, ಏಜೆಂಟರ ಬರಹದೊಂದಿಗೆ ಅಂಕಿ ತಾಳೆಯಾಯಿತು, ಕ್ಲಿಯರ್ ಒತ್ತಿದೆ. ಹಳೆಯ ಮೂರು ಚುನಾವಣೆಗಳಲ್ಲಿ ಅಲ್ಲಿಗೆ ಕೆಲಸ ಮುಗಿಯುತ್ತಿದ್ದುದರಿಂದ ನನ್ನ ಕೈ ಅಲ್ಲಿಗೇ ನಿಂತಿತು. ಗುಂಡಿ ಒತ್ತಿದರೆ ಯಂತ್ರದ ನೆನಪು ಅಳಿಯುತ್ತದೆ. ಕಾಗದ ಅಳಿಯುವುದಿಲ್ಲ, ಅದನ್ನು ಕೈ ಹಾಕಿ ತೆಗೆಯಬೇಕು. ವಿವಿಪ್ಯಾಟ್‌ನ ಪೆಟ್ಟಿಗೆ ತೆರೆದು, ಚೀಟಿಗಳನ್ನು ಎಣಿಸಿ, ಪ್ರತಿಯೊಂದರ ಬೆನ್ನಿಗೆ ಅಣಕು ಮತದಾನದ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ತುಂಬಿ ಮೊಹರು ಮಾಡಬೇಕಿತ್ತು. ಅದಷ್ಟನ್ನೂ ನಾನು ಬಿಟ್ಟೆ. ಬಿಟ್ಟದ್ದಲ್ಲದೆ, ಚೀಟಿಗಳನ್ನು ತೆಗೆದು ಪೆಟ್ಟಿಗೆ ಖಾಲಿ ಮಾಡಲಾಗಿದೆ ಎಂಬ ಸಾಲಿದ್ದ ಪ್ರಮಾಣಪತ್ರಕ್ಕೆ ಓದದೆಯೇ ಸಹಿ ಹಾಕಿದೆ. ಏಜೆಂಟರೂ ಹಾಕಿದರು. ತರಬೇತಿ ಪಡೆದಿರಲಿಲ್ಲವೇ ಎಂದು ತಾವು ಕೇಳಬಹುದು. ಪಡೆದಿದ್ದೆ, ಒಂದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು. ಎದುರಿಗಿದ್ದ ಒಂದೇ ಯಂತ್ರದ ಬಾಗಿಲನ್ನು ಯಾರೋ ತೆರೆದು ಮುಚ್ಚಿದ್ದು ಕಂಡಿತ್ತು, ನನ್ನ ಕೈ ಅದನ್ನು ಮುಟ್ಟಿರಲಿಲ್ಲ.

ಸಂಜೆ ಆರರ ನಂತರ ಲಕೋಟೆಗಳನ್ನು ಜೋಡಿಸುವಾಗ ಆ ಕಪ್ಪು ಲಕೋಟೆ ಖಾಲಿಯಾಗಿಯೇ ಕೈಗೆ ಬಂತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದರ ಬದಲು ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿ ಆಗ ಹದಿನೈದೇ ದಿನವಾಗಿತ್ತು. ಆ ಐದನ್ನು ಆರಿಸಲು ಲಾಟರಿ ಎತ್ತಿದಾಗ ನನ್ನ ಮತಗಟ್ಟೆಯೇ ಬಂದರೆ ಯಂತ್ರಕ್ಕಿಂತ ಐವತ್ತು ಹೆಚ್ಚು ಚೀಟಿ ಸಿಗುತ್ತಿದ್ದವು. ಹಲವು ಮತಗಟ್ಟೆಗಳ ಉಸ್ತುವಾರಿ ನೋಡುವ ಸೆಕ್ಟರ್ ಅಧಿಕಾರಿಗೆ ನಿಜ ಹೇಳಿದೆ. ಯಂತ್ರಗಳನ್ನು ಮರಳಿ ಒಪ್ಪಿಸುವ ಡಿ-ಮಸ್ಟರಿಂಗ್ ಕೇಂದ್ರದಲ್ಲಿ ಹೇಳಿಕೆ ಬರೆದುಕೊಟ್ಟು ಮುಗಿಸುವಾಗ ರಾತ್ರಿ ಎರಡಾಗಿತ್ತು. ನನ್ನ ಮೂವರು ಸಿಬ್ಬಂದಿ ಬಸ್ಸಿನಲ್ಲಿ ಕಾಯುತ್ತಿದ್ದರು. ಆಮೇಲೆ ಕಾರಣ ಕೇಳುವ ನೋಟಿಸ್ ಬಂತು. ಎಣಿಕೆಗೆ ನಮ್ಮ ಮತಗಟ್ಟೆ ಬರಲಿಲ್ಲ, ಆದರೆ ಮೇ 23ರವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಆದ್ದರಿಂದ ಕಾಗದ ದುಬಾರಿ, ಬೇಡ ಎಂಬ ಕಡೆಗೆ ವಾಲುತ್ತಿರುವ ತಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕಾಗದ ಬೇಕು. ಸೋತವನಿಗೆ ತೋರಿಸಲು ಬೇರೇನಿದೆ? ಆದರೆ ಯಂತ್ರ ಕೊಂಡು ತರಬೇತಿಯಲ್ಲಿ ಉಳಿಸುವ ಪುರಸಭೆ ನನ್ನಂಥವರನ್ನೇ ತಯಾರಿಸುತ್ತದೆ. ಅಂದಾಜುಪಟ್ಟಿಯಲ್ಲಿ ಪ್ರತಿ ಅಧ್ಯಕ್ಷಾಧಿಕಾರಿಯೂ ಸ್ವತಃ ಪೆಟ್ಟಿಗೆ ತೆರೆದು ಮುಚ್ಚುವ ಅರ್ಧ ದಿನದ ಅಭ್ಯಾಸವನ್ನೂ, ಕಾಗದವನ್ನಷ್ಟೇ ನೋಡಿಕೊಳ್ಳುವ ಒಬ್ಬ ಹೆಚ್ಚುವರಿ ಸಿಬ್ಬಂದಿಯ ಭತ್ಯೆಯನ್ನೂ ಮೊದಲು ಬರೆಯಿರಿ. ಕಾಯ್ದಿರಿಸಿದ ಯಂತ್ರಗಳನ್ನೂ ಮರೆಯಬೇಡಿ, 2018ರ ಮೇ ತಿಂಗಳ ಉತ್ತರ ಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ವಿವಿಪ್ಯಾಟ್‌ಗಳು ಕೈಕೊಟ್ಟು ಹಲವು ಮತಗಟ್ಟೆಗಳಲ್ಲಿ ಮರುಮತದಾನವೇ ನಡೆಯಬೇಕಾಯಿತು.

2024ರಲ್ಲಿ ಮತ್ತೆ ಕರ್ತವ್ಯಕ್ಕೆ ಕರೆ ಬಂದಾಗ ಖಾಲಿ ಪೆಟ್ಟಿಗೆಯ ಬಾಗಿಲು ತೆರೆದಿಟ್ಟು, ಏಜೆಂಟರ ಕೈಗೆ ಟಾರ್ಚು ಕೊಟ್ಟು ಒಬ್ಬೊಬ್ಬರಿಗೂ ಒಳಗೆ ನೋಡಿಸಿದೆ. ಮತದಾನ ಏಳಕ್ಕೆ ಬದಲು ಏಳೂ ಎರಡು ನಿಮಿಷಕ್ಕೆ ಆರಂಭವಾಯಿತು, ಕಾರಣವನ್ನು ಡೈರಿಯಲ್ಲಿ ಬರೆದೆ.